ಮಾರುವವರಿಗೂ ಗೊತ್ತಿಲ್ಲದ ಗಾಡಿ

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೊರಟವರಿಗೆಲ್ಲ ಇರುವುದು ಒಂದೇ ಭಯ. ಮಾರುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನೋದು. ಅವರು ಆ ಗಾಡಿಯನ್ನು ವರ್ಷಗಟ್ಟಲೆ ಓಡಿಸಿರುತ್ತಾರೆ. ನಾವು ನೋಡುವುದು ಅರ್ಧ ಗಂಟೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಎಷ್ಟು ಸತಾಯಿಸುತ್ತದೆ, ಎರಡನೇ ಗೇರಿಗೆ ಬೀಳುವಾಗ ಯಾಕೆ ಕಿರ್ ಅನ್ನುತ್ತದೆ, ಎಲ್ಲ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ಹಳೆ ಕಾರುಗಳ ಉದಾಹರಣೆ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಯಾವ ಗಾಡಿ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಎಲ್ಲದಕ್ಕೂ ನಡುವಿನ ಬೆಲೆ ಹೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಗಾಡಿ ಇಟ್ಟುಕೊಂಡವರು ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರಾಟಕ್ಕೆ ಉಳಿಯುವುದು ಹೆಚ್ಚಾಗಿ ಕೆಟ್ಟವೇ. ಈ ವಿಚಾರಕ್ಕಾಗಿ 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಜಪ್ತಿಯಾದ ಗಾಡಿಗಳ ಹರಾಜಿನಲ್ಲಿ ಈ ಲೆಕ್ಕ ಹೀಗೆ ನಡೆಯುವುದಿಲ್ಲ. ಅಲ್ಲಿ ಮಾರುತ್ತಿರುವವರು ಆ ಗಾಡಿಯಲ್ಲಿ ಒಂದು ದಿನವೂ ಕೂತವರಲ್ಲ. ಟೋಯಿಂಗ್ ಲಾರಿ ರಸ್ತೆ ಬದಿಯಿಂದ ಎಳೆದು ತಂದಿರುತ್ತದೆ. ಜಪ್ತಿಯಾದ ಗಾಡಿಗಳನ್ನು ಇಡುವ ಯಾರ್ಡಿನವರು ಒಂದು ಸಾಲಿನಲ್ಲಿ ನಿಲ್ಲಿಸಿ, ಗಾಜಿನ ಮೇಲೆ ನಂಬರ್ ಬರೆದಿರುತ್ತಾರೆ. ಅವರಿಗೆ ಗೊತ್ತಿರುವುದು ಅಷ್ಟೇ. ಇಂಜಿನ್ ಹೇಗಿದೆ ಅಂತ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ, ಮತ್ತು ಅದು ನಿಜ. ನಮಗೆ ಮೋಸ ಮಾಡಲು ಬೇಕಾದ ಮಾಹಿತಿಯೇ ಅವರ ಹತ್ತಿರ ಇಲ್ಲ. ಗಾಡಿಯ ಗುಣ, ದೋಷ, ಎಲ್ಲ ಗೊತ್ತಿರುವ ಒಬ್ಬರು ಇದ್ದಾರೆ. ಅವರು ಮಾತ್ರ ಆ ದಿನ ಅಲ್ಲಿರುವುದಿಲ್ಲ. ಎಷ್ಟೋ ಸಲ ತಮ್ಮ ಗಾಡಿ ಅವತ್ತು ಮಾರಾಟವಾಗುತ್ತಿದೆ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ.

ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಈ ಗೈರುಹಾಜರಾದ ಮನುಷ್ಯ. ಇಂಥ ಹರಾಜುಗಳಿಗೆ ಹೋಗುವುದು ನನಗೆ ಇಷ್ಟ. ಗಾಡಿ ಕೊಂಡಿದ್ದೇನೆ, ಕೊಳ್ಳುವವರ ಜೊತೆ ಹೋಗಿ ನೋಡಿಕೊಟ್ಟಿದ್ದೇನೆ. ಹೋದಷ್ಟೂ ಒಂದು ವಿಷಯ ಸ್ಪಷ್ಟವಾಗುತ್ತಿದೆ. ಅಲ್ಲಿ ಒಳ್ಳೆಯ ಗಾಡಿ ಗುರುತಿಸುವುದು ಅಂದರೆ, ಅದರ ಹಿಂದಿನ ಯಜಮಾನರು ಅದನ್ನು ಯಾಕೆ ಬಿಡಿಸಿಕೊಳ್ಳಲಿಲ್ಲ ಅಂತ ಊಹಿಸುವುದು.

ಒಂದೇ ಸಾಲು, ಎರಡು ಬಗೆ

ಗಾಡಿ ಯಾರ್ಡಿಗೆ ಬರಲು ಕಾರಣ ಹಲವು. ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದು, ಕಟ್ಟದೆ ಉಳಿದ ದಂಡ, ವಿಮೆ ಇಲ್ಲದೆ ಓಡಿಸಿದ್ದು, ಕುಡಿದು ಓಡಿಸಿದ್ದು, ಕಳುವಾಗಿ ಆಮೇಲೆ ಸಿಕ್ಕಿದ್ದು, ಯಾವುದೋ ಕೇಸಿನಲ್ಲಿ ಸಿಕ್ಕಿಕೊಂಡಿದ್ದು, ರಸ್ತೆ ಬದಿಯಲ್ಲಿ ತಿಂಗಳುಗಟ್ಟಲೆ ಅನಾಥವಾಗಿ ನಿಂತಿದ್ದು. ಆದರೆ ಕೊಳ್ಳುವವರ ದೃಷ್ಟಿಯಿಂದ ನೋಡಿದರೆ ಬಂದ ಕಾರಣಕ್ಕಿಂತ ವಾಪಸ್ ಹೋಗದ ಕಾರಣವೇ ಮುಖ್ಯ. ಬರುವ ಗಾಡಿಗಳಲ್ಲಿ ಬೇಕಾದಷ್ಟನ್ನು ಯಜಮಾನರು ಬಂದು ದುಡ್ಡು ಕಟ್ಟಿ ಬಿಡಿಸಿಕೊಂಡು ಹೋಗುತ್ತಾರೆ. ಹರಾಜಿಗೆ ಉಳಿಯುವುದು ಹಾಗೆ ಬಿಡಿಸಿಕೊಳ್ಳದೇ ಇದ್ದವು.

ಇಲ್ಲಿ ಗಡಿಯಾರದ ಆಟ ಇದೆ. ಮೊದಲು ದಂಡ. ಅದರ ಮೇಲೆ ಎಳೆದು ತಂದ ಖರ್ಚು. ಆಮೇಲೆ ಯಾರ್ಡಿನ ಜಾಗಕ್ಕೆ ದಿನದ ಬಾಡಿಗೆ. ರಾತ್ರಿ ಕಳೆದರೆ ಬಾಡಿಗೆ ಏರುತ್ತದೆ, ಗಾಡಿಯ ಬೆಲೆ ಇಳಿಯುತ್ತದೆ. ಹೊಸ ಗಾಡಿಯಾದರೆ ಇವೆರಡು ಒಂದನ್ನೊಂದು ಮುಟ್ಟಲು ಬಹಳ ಕಾಲ ಬೇಕು. ಹಳೆಯ ಗಾಡಿಯಾದರೆ ಕೆಲವೇ ವಾರ ಸಾಕು. ಆ ಹಂತ ದಾಟಿದ ಮೇಲೆ ಯಾರೇ ಲೆಕ್ಕ ಹಾಕಿದರೂ ಬಿಡಿಸಿಕೊಳ್ಳುವುದಕ್ಕಿಂತ ಬಿಡುವುದೇ ಲಾಭ ಅಂತ ಕಾಣುತ್ತದೆ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಗಾಡಿಯ ಗೇರ್ ಬಾಕ್ಸ್ ಹೋಗಿದೆ. ರಿಪೇರಿಗೆ ಗಾಡಿಯ ಬೆಲೆಯಷ್ಟೇ ಖರ್ಚು. ಅದನ್ನು ರಸ್ತೆ ಬದಿ ನಿಲ್ಲಿಸಿದ್ದಾರೆ, ಯಾರೋ ಎಳೆದುಕೊಂಡು ಹೋದರು. ಅವರಿಗೆ ಒಂದು ತಲೆನೋವು ಕಳೆಯಿತು. ನೋಟಿಸ್ ಬಂದರೂ ತೆರೆದು ನೋಡುವುದಿಲ್ಲ. ಇನ್ನೊಬ್ಬರ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರು. ಅದು ಯಾರ್ಡಿಗೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಸಂಬಳ ಬರುವಷ್ಟರಲ್ಲಿ ಬಾಕಿ ದುಪ್ಪಟ್ಟಾಗಿತ್ತು. ಇಬ್ಬರ ಗಾಡಿಗಳೂ ಒಂದೇ ಸಾಲಿನಲ್ಲಿ, ಒಂದೇ ಧೂಳು ಹೊದ್ದು ನಿಂತಿರುತ್ತವೆ. ಪಟ್ಟಿಯಲ್ಲಿ ಕಂಪನಿ, ಮಾಡೆಲ್, ವರ್ಷ ಬಿಟ್ಟರೆ ಬೇರೆ ವಿವರ ಇರುವುದಿಲ್ಲ.

ಕೊಳ್ಳುವವರಿಗೆ ಬೇಕಾಗಿರುವುದು ಎರಡನೆಯವರ ಗಾಡಿ. ಬಿಟ್ಟು ಹೋದದ್ದಲ್ಲ, ಬಿಡಿಸಿಕೊಳ್ಳಲು ಆಗದೇ ಹೋದದ್ದು. ಈ ಮಾತನ್ನು ಹೇಗೆ ತಿರುಗಿಸಿ ನೋಡಿದರೂ ಅದರ ಅರ್ಥ ಬದಲಾಗುವುದಿಲ್ಲ. ನನಗೆ ಒಳ್ಳೆಯ ಗಾಡಿ ಸಿಗಬೇಕಾದರೆ, ಅದನ್ನು ಕಳೆದುಕೊಳ್ಳಲು ಸ್ವಲ್ಪವೂ ಇಷ್ಟವಿಲ್ಲದ ಯಾರೋ ಅದನ್ನು ಕಳೆದುಕೊಂಡಿರಬೇಕು.

ಗಾಡಿಯನ್ನೇ ಕೇಳಬೇಕು

ನನಗೆ ಇದನ್ನೆಲ್ಲ ನೋಡಲು ಕಲಿಸಿದ್ದು ಒಬ್ಬ ಮೆಕ್ಯಾನಿಕ್. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಕೆಲಸದಲ್ಲಿ ಬಹಳ ದೊಡ್ಡವನು. ಹರಾಜಿಗೆ ಮುಂಚೆ ಗಾಡಿಗಳನ್ನು ನೋಡಲು ಸ್ವಲ್ಪ ಹೊತ್ತು ಬಿಡುತ್ತಾರಲ್ಲ, ಆಗ ಹೆಚ್ಚಿನವರು ಬಾನೆಟ್ ಎತ್ತಲು ಓಡುತ್ತಾರೆ. ಅವನು ಎತ್ತಲಿಲ್ಲ. ಬೂದು ಬಣ್ಣದ ಒಂದು ಸಣ್ಣ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆ ಒರೆಸಿದ. ಅಲ್ಲಿ ನಾಲ್ಕು ಅಂಕಿಗಳು ಒಂದು ಸಣ್ಣ ಚೌಕಟ್ಟಿನೊಳಗೆ ಇರುತ್ತವೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 3122 ಅಂತ ಇದ್ದರೆ 2022ರ 31ನೇ ವಾರ. (2000ಕ್ಕೆ ಮುಂಚಿನ ಟೈರುಗಳಲ್ಲಿ ಮೂರೇ ಅಂಕಿ ಇರುತ್ತಿತ್ತು. ಅಂಥದ್ದು ಕಂಡರೆ ಆ ಟೈರನ್ನು ನಂಬಲೇಬೇಡಿ.) ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ತಿಂಗಳಿನವು. ಟೈರಿನ ಮೇಲಿನ ಹಲ್ಲು, ಅಂದರೆ ಬಟನ್, ಇನ್ನೂ ಚೆನ್ನಾಗಿತ್ತು. ಮುಂದಿನ ಗಾಜಿನ ಮೂಲೆಯಲ್ಲಿ ಆಯಿಲ್ ಬದಲಿಸಿದ ಚೀಟಿ ಅಂಟಿಸಿತ್ತು. ಅದರಲ್ಲಿ ಬರೆದ ಕಿಲೋಮೀಟರಿಗೂ ಮೀಟರಿಗೂ ಹೆಚ್ಚು ದೂರ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಕಟ್ಟಿದ್ದ ಒತ್ತಿನ ಗುರುತು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಗ್ಯಾರೇಜ್ ರಸೀದಿಗಳು. ಇಂಜಿನ್ನಿನ ಪಿಸ್ಟನ್, ವಾಲ್ವುಗಳ ಚಲನೆಯನ್ನು ಹೊಂದಿಸಿ ಇಡುವ ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿಯೂ ಅದರಲ್ಲಿತ್ತು.

ಅವನು ಎದ್ದು ಕೈ ಒರೆಸಿಕೊಂಡ. "ಅಣ್ಣ, ಇದನ್ನ ಬಿಡೋ ಮನಸ್ಸು ಅವರಿಗೆ ಇರ್ಲಿಲ್ಲ," ಅಂದ.

ನಾಲ್ಕು ಟೈರಿಗೆ ಒಟ್ಟಿಗೆ ದುಡ್ಡು ಹಾಕಿದವರು ಆ ಗಾಡಿಯನ್ನು ಇನ್ನೂ ವರ್ಷಗಟ್ಟಲೆ ಓಡಿಸುವ ಅಂದಾಜಿನಲ್ಲಿದ್ದರು ಅನ್ನುವುದು ಅವನ ತರ್ಕ. ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಇದು ಇನ್ನೂ ಗಟ್ಟಿ. ಅದು ಕಣ್ಣಿಗೆ ಕಾಣದ ಖರ್ಚು. ಬೇಗ ಮಾರುವ ಯೋಚನೆ ಇರುವವರು ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಹಲವು ಇಂಜಿನ್‌ಗಳಲ್ಲಿ ಆ ಬೆಲ್ಟ್ ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಇಂಜಿನ್ ಬಿಚ್ಚಬೇಕಾಗುತ್ತದೆ. ಗೊತ್ತಿದ್ದು, ಮುಂದಿನ ವರ್ಷಗಳನ್ನು ನೆನೆದು ಖರ್ಚು ಮಾಡುವವರು ಮಾತ್ರ ಅದನ್ನು ಸಮಯಕ್ಕೆ ಸರಿಯಾಗಿ ಬದಲಿಸುತ್ತಾರೆ.

ಅದೇ ಸಾಲಿನಲ್ಲಿ ಇನ್ನೊಂದು ಕಾರಿತ್ತು. ಅದಕ್ಕಿಂತ ಹೊಸದು, ಹೊಳಪೂ ಜಾಸ್ತಿ. ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಕಂಪನಿಯ ಟೈರು. ಒಳಗೆ ಒಂದು ಕಾಗದದ ಚೂರೂ ಇಲ್ಲ, ಡಿಕ್ಕಿಯಲ್ಲಿ ಜಾಕ್ ಇಲ್ಲ, ಮ್ಯೂಸಿಕ್ ಸಿಸ್ಟಮ್ ಕಿತ್ತ ಜಾಗದಲ್ಲಿ ವೈರು ಜೋತಾಡುತ್ತಿತ್ತು. ಯಾರೋ ಪುರಸೊತ್ತಾಗಿ ಬೇಕಾದದ್ದನ್ನೆಲ್ಲ ತೆಗೆದುಕೊಂಡು ಹೋದ ಗಾಡಿ ಅದು. ಯಜಮಾನರೇ ಹಾಗೆ ಖಾಲಿ ಮಾಡಿ ನಿಲ್ಲಿಸಿದ್ದರೆ ಇಂಜಿನ್ನಿನಲ್ಲೋ ಗೇರ್ ಬಾಕ್ಸಿನಲ್ಲೋ ಏನೋ ಇದೆ ಅಂತಲೇ ಲೆಕ್ಕ. ಕದ್ದವರು ಕಿತ್ತಿದ್ದರೆ ಬೇರೆ ಮಾತು. ಎರಡರಲ್ಲಿ ಯಾವುದು ಅಂತ ಹೇಳಲು ಆಗಲಿಲ್ಲ, ನಾವು ಮುಂದೆ ಹೋದೆವು.

ಯಾರ್ಡಿನಲ್ಲಿ ಗಾಡಿ ನೋಡುವುದಕ್ಕೂ ಮನೆ ಮುಂದೆ ನಿಂತ ಗಾಡಿ ನೋಡುವುದಕ್ಕೂ ವ್ಯತ್ಯಾಸ ಇದೆ. ಒಂದೇ ಗುರುತು ಎರಡು ಕಡೆ ಎರಡು ಅರ್ಥ ಕೊಡುತ್ತದೆ. ಬ್ಯಾಟರಿ ಸತ್ತಿದೆ ಅಂತಿಟ್ಟುಕೊಳ್ಳಿ. ಮನೆ ಮುಂದಿನ ಗಾಡಿಯಲ್ಲಿ ಅದು ಅನುಮಾನದ ವಿಷಯ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಸಾಯುವುದು ಸಹಜ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಇಲ್ಲಿ 11 ತೋರಿಸಿದರೂ ಗಾಬರಿ ಬೇಡ, ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆದರೆ ಆಯಿತು. ಕಂಪ್ಯೂಟರ್ ಪರೀಕ್ಷೆಯೂ ಹಾಗೇ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಇಂಜಿನ್ನಿನ ದೂರುಗಳು ಕಾಣುತ್ತವೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ದೂರುಗಳನ್ನು ಅಳಿಸಿದರೆ ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಂಡ ದಾಖಲೆಯೂ ಅಳಿಸಿಹೋಗುತ್ತದೆ, ಮತ್ತೆ ಓಡಿಸುವವರೆಗೂ ಪರೀಕ್ಷೆ ಮುಗಿದಿಲ್ಲ ಅಂತಲೇ ತೋರಿಸುತ್ತದೆ. ಯಾರದೋ ಮನೆಯಲ್ಲಿ ಇದು ಕಂಡರೆ ನಿಮಗಾಗಿ ನಿನ್ನೆ ರಾತ್ರಿ ಯಾರೋ ಅಳಿಸಿದ್ದಾರೆ ಅಂತ ಅರ್ಥ. ಯಾರ್ಡಿನಲ್ಲಿ ಬ್ಯಾಟರಿ ಸತ್ತಾಗಲೂ ಎಷ್ಟೋ ಗಾಡಿಗಳಲ್ಲಿ ಹೀಗೇ ಆಗುತ್ತದೆ, ಅದರಲ್ಲಿ ಯಾರ ಕೈವಾಡವೂ ಇಲ್ಲ. ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕೂ ಅಷ್ಟೇ. ಸ್ವಲ್ಪ ಓಡಿಸಿದರೆ ಉಜ್ಜಿಹೋಗುತ್ತದೆ.

ಇನ್ನು ಕೆಲವು ದೋಷಗಳು ಯಾರ್ಡಿನ ಗಾಡಿಗಳಿಗೇ ವಿಶೇಷ. ಆಟೋಮ್ಯಾಟಿಕ್ ಗಾಡಿಯನ್ನು ಇಂಜಿನ್ ಎಳೆಯುವ ಚಕ್ರಗಳು ನೆಲದ ಮೇಲೆ ಉರುಳುವ ಹಾಗೆ ಎಳೆದು ತಂದರೆ ಗೇರ್ ಬಾಕ್ಸ್ ಹಾಳಾಗಬಹುದು. ಅದರ ಆಯಿಲ್ ಪಂಪ್ ತಿರುಗುವುದು ಇಂಜಿನ್ನಿನ ಬಲದಿಂದ. ಇಂಜಿನ್ ಆಫ್ ಆಗಿದ್ದರೆ ಒಳಗಿನ ಗೇರುಗಳು ಆಯಿಲ್ ಇಲ್ಲದೆ ತಿರುಗುತ್ತವೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಎರಡು ಚಕ್ರ ಎತ್ತಿ ಎರಡನ್ನು ಉರುಳಿಸಿದರೂ ತೊಂದರೆಯೇ. ಹಾಗಾಗಿ ಗಾಡಿಯನ್ನು ಹೇಗೆ ತಂದಿರಿ, ಪೂರ್ತಿ ಲಾರಿ ಮೇಲೆ ಹೇರಿಕೊಂಡೋ ಅಥವಾ ಕೊಕ್ಕೆ ಹಾಕಿ ಎಳೆದೋ ಅಂತ ಯಾರ್ಡಿನವರನ್ನು ಕೇಳಬೇಕು. ಅವರಿಗೆ ಉತ್ತರ ಗೊತ್ತಿರುವ ಪ್ರಶ್ನೆ ಅದೊಂದೇ ಇರಬಹುದು. ಕೀಲಿಯದ್ದು ಇನ್ನೊಂದು ಕತೆ. ಎಳೆದು ತಂದ ಗಾಡಿಯ ಕೀಲಿ ಯಜಮಾನರ ಜೇಬಿನಲ್ಲೇ ಉಳಿದಿರುತ್ತದೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ, ಕೀಲಿಯೊಳಗೆ ಚಿಪ್ ಇಲ್ಲದೆ ಇಂಜಿನ್ ಹತ್ತುವುದಿಲ್ಲ. ಸುಮ್ನೆ ಬೀಗದವರ ಹತ್ತಿರ ಹೋಗಿ ಕೀಲಿ ಉಜ್ಜಿಸುವ ಕಾಲ ಹೋಯಿತು. ಕೀಲಿ ಇಲ್ಲ ಅಂದರೆ ಇಂಜಿನ್ ಸದ್ದನ್ನೂ ಕೇಳದೆ ಕೊಳ್ಳಬೇಕು, ಮೇಲಿಂದ ಕೀಲಿಯ ಖರ್ಚು ಬೇರೆ.

ನೀರಿನಲ್ಲಿ ಮುಳುಗಿದ ಗಾಡಿಯನ್ನು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆಯುವುದಿಲ್ಲ, ಅಲ್ಲಿ ಮಣ್ಣಿನ ಗೆರೆ ಕಂಡರೆ ಮುಗಿಯಿತು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರು, ಸೀಟಿನ ಹಳಿಗಳಿಗೆ ತುಕ್ಕು, ಇವೂ ಅದೇ ಕತೆ ಹೇಳುತ್ತವೆ. ಕೀಲಿ ಇದ್ದರೆ ತಿರುಗಿಸಿ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರುತ್ತದಾ ನೋಡಿ. ಹತ್ತಲೇ ಇಲ್ಲ ಅಂದರೆ ಬಲ್ಬೇ ಇಲ್ಲ ಅಥವಾ ಯಾರೋ ಕಿತ್ತಿದ್ದಾರೆ. ಚಾಸಿ ನಂಬರಿನ 17 ಅಕ್ಷರಗಳನ್ನು ಪಟ್ಟಿಯ ಜೊತೆ ತಾಳೆ ಹಾಕಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವಂತಿಲ್ಲ. ಒಂದು, ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ ಅವನ್ನು ಬಿಟ್ಟಿದ್ದಾರೆ.

ಕೂಗು ಏರುವಾಗ

ಇಷ್ಟೆಲ್ಲ ನೋಡಿದ ಮೇಲೂ ನಮ್ಮ ಕೈಯಲ್ಲಿರುವುದು ಒಂದು ಅಂದಾಜು. ಸುತ್ತ ನಿಂತವರ ಹತ್ತಿರವೂ ಒಂದೊಂದು ಅಂದಾಜು. ಕೆಲವರದು ನಿಜವಾದ ಬೆಲೆಗಿಂತ ಕಮ್ಮಿ, ಕೆಲವರದು ಜಾಸ್ತಿ. ಹರಾಜು ಗೆಲ್ಲುವುದು ಸರಿಯಾಗಿ ಅಂದಾಜು ಮಾಡಿದವರಲ್ಲ, ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವರು. ಅಮೆರಿಕದ ಒಂದು ತೈಲ ಕಂಪನಿಯ ಮೂವರು ಇಂಜಿನಿಯರುಗಳು, ಕೇಪನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್, 1971ರಲ್ಲಿ ಈ ವಿಷಯ ಬರೆದರು. ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ತೆಗೆಯುವ ಹಕ್ಕಿಗಾಗಿ ಕಂಪನಿಗಳು ಪೈಪೋಟಿಯಿಂದ ಬಿಡ್ ಹಾಕುತ್ತಿದ್ದವು. ಗೆದ್ದವರಿಗೆ ಅಂದುಕೊಂಡಷ್ಟು ಲಾಭ ಬರುತ್ತಿರಲಿಲ್ಲ. ಯಾಕೆಂದರೆ ಸಮುದ್ರದ ತಳದಲ್ಲಿ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಗೆಲ್ಲುತ್ತಿದ್ದದ್ದು ಹೆಚ್ಚು ಆಸೆಪಟ್ಟವರು. ಕಣ್ಣಿಗೆ ಕಾಣದ ಗೇರ್ ಬಾಕ್ಸಿಗೂ ಇದೇ ಮಾತು. ಪೈಪೋಟಿ ಜಾಸ್ತಿ ಇದ್ದಷ್ಟೂ ನಾವು ನಮ್ಮ ಮಿತಿಯನ್ನು ಕೆಳಗಿಳಿಸಬೇಕು. ಮನಸ್ಸು ಮಾಡುವುದು ಇದರ ಉಲ್ಟಾ. ಇಷ್ಟು ಜನ ಕೂಗುತ್ತಿದ್ದಾರೆ ಅಂದರೆ ಒಳ್ಳೆಯ ಗಾಡಿಯೇ ಇರಬೇಕು ಅನ್ನಿಸುತ್ತದೆ.

ಎದುರೆದುರು ಕೂಗುವ ಹರಾಜಿನಲ್ಲಿ ಒಂದು ಅನುಕೂಲ ಇದೆ. ಬೇರೆಯವರು ಎಲ್ಲಿ ನಿಲ್ಲಿಸಿದರು ಅಂತ ಕಾಣುತ್ತದೆ. ಮುಚ್ಚಿದ ಲಕೋಟೆಯಲ್ಲಿ ಬಿಡ್ ಹಾಕುವಾಗ ಆ ಸುಳಿವು ಇಲ್ಲ. ಇಂಥ ವ್ಯತ್ಯಾಸಗಳನ್ನು ತೂಗಿ ನೋಡಿದ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಯಾರ್ಡಿನ ಹರಾಜಿನಲ್ಲಿ ನಾನು ನೋಡುವುದು ಗುಜರಿ ಗಾಡಿ ಬಿಚ್ಚಿ ಬಿಡಿಭಾಗ ಮಾರುವವರನ್ನು. ಅವರು ಎಲ್ಲಿಯವರೆಗೆ ಕೂಗುತ್ತಾರೋ ಅದು ಆ ಗಾಡಿಯ ತಳದ ಬೆಲೆ, ಓಡದಿದ್ದರೂ ಅಷ್ಟು ಬರುತ್ತದೆ. ಅವರು ಸುಮ್ಮನಾದ ಮೇಲೆ ಏರುವ ಒಂದೊಂದು ಮೆಟ್ಟಿಲೂ ಗಾಡಿ ಓಡುತ್ತದೆ ಅನ್ನುವ ನಂಬಿಕೆಯ ಬೆಲೆ. ಕಪ್ಪು ಬಣ್ಣದ ಒಂದು ದೊಡ್ಡ ಗಾಡಿಗೆ ಇಬ್ಬರು ಪಟ್ಟು ಹಿಡಿದು ಕೂಗಿದ್ದು ನನಗೆ ನೆನಪಿದೆ. ಅದಕ್ಕೆ ಕೀಲಿ ಇರಲಿಲ್ಲ. ಇಂಜಿನ್ ಸದ್ದು ಯಾರೂ ಕೇಳಿರಲಿಲ್ಲ. ಬಿಡಿಭಾಗದವರು ಬಹಳ ಮುಂಚೆಯೇ ಕೈ ಕಟ್ಟಿ ನಿಂತಿದ್ದರು. ಆದರೂ ಇಬ್ಬರಲ್ಲಿ ಯಾರೂ ಬಿಡಲಿಲ್ಲ. ಅವರು ಕೂಗುತ್ತಿದ್ದದ್ದು ಗಾಡಿಗಲ್ಲ, ಒಬ್ಬರ ಎದುರು ಇನ್ನೊಬ್ಬರು ಸೋಲದಿರಲು.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಗಾಡಿಗಳನ್ನು ಗುಜರಿಗೆ ಮಾತ್ರ ಅಂತ ಮಾರುತ್ತಾರೆ, ಅವನ್ನು ಮತ್ತೆ ರಸ್ತೆಗೆ ಇಳಿಸಲು ನೋಂದಣಿ ಸಿಗುವುದಿಲ್ಲ. ಹಳೆಯ ಸಾಲ ಅಂಟಿಕೊಂಡಿದೆಯೇ, ಹರಾಜಿನಿಂದ ಅದು ತೀರುತ್ತದೆಯೇ ಅಂತ ಮೊದಲೇ ತಿಳಿದುಕೊಳ್ಳಬೇಕು. ಕೂಗಿದ ಬೆಲೆಯ ಮೇಲೆ ಹರಾಜಿನವರ ಶುಲ್ಕ, ತೆರಿಗೆ, ಗಾಡಿ ಸಾಗಿಸುವ ಖರ್ಚು ಬರುತ್ತದೆ. ಹೇಳಿದ ದಿನದೊಳಗೆ ಎತ್ತಿಕೊಂಡು ಹೋಗದಿದ್ದರೆ ಅದೇ ದಿನಬಾಡಿಗೆ ಈಗ ನಮ್ಮ ತಲೆ ಮೇಲೆ ಓಡಲು ಶುರು.

ಏಣಿ ಇಳಿಸಿಕೊಂಡವರು

ಒಂದು ಸಲ ಹರಾಜಿಗೆ ಮುಂಚೆ ನಾವೆಲ್ಲ ಗಾಡಿ ನೋಡುತ್ತಿದ್ದಾಗ ಒಬ್ಬರು ಕೈಯಲ್ಲಿ ಚೀಟಿ ಹಿಡಿದು ಬಂದರು. ಜೊತೆಗೆ ಯಾರ್ಡಿನ ಹುಡುಗ. ಗಾಡಿ ಬಿಡಿಸಿಕೊಳ್ಳಲು ಆಗದಿದ್ದರೂ ಒಳಗಿರುವ ಸ್ವಂತ ಸಾಮಾನು ತೆಗೆದುಕೊಂಡು ಹೋಗಲು ಹಲವು ಕಡೆ ಅವಕಾಶ ಇದೆ. ಅವರು ಒಂದು ಬಿಳಿ ವ್ಯಾನಿನ ಹಿಂಬಾಗಿಲು ತೆಗೆದರು. ಮೇಲಿಂದ ಏಣಿ ಇಳಿಸಿದರು. ಬಣ್ಣದ ಡಬ್ಬಗಳು, ರೋಲರುಗಳು, ಗೋಡೆ ಉಜ್ಜುವ ಸಾಮಾನು, ಗಂಟು ಕಟ್ಟಿದ ಹಳೆ ಬಟ್ಟೆ. ಒಂದೊಂದೇ ಹೊರಗಿಟ್ಟರು. ವ್ಯಾನ್ ನೋಡಲು ನಿಂತಿದ್ದ ನಾವು ನಾಲ್ಕೈದು ಜನ ಜಾಗ ಬಿಟ್ಟು ಸರಿದೆವು. ಅವರು ಯಾರ ಮುಖವನ್ನೂ ನೋಡಲಿಲ್ಲ. ಏಣಿಯನ್ನು ಹೇಗೆ ಒಯ್ಯುವುದು ಅಂತ ಸ್ವಲ್ಪ ಹೊತ್ತು ಯೋಚಿಸುತ್ತಾ ನಿಂತರು. ಯಾಕೆಂದರೆ ಅದನ್ನು ಹೊರುತ್ತಿದ್ದದ್ದೇ ಆ ವ್ಯಾನು.

ಆ ವ್ಯಾನು ನನ್ನ ಪಟ್ಟಿಯಲ್ಲೂ ಇತ್ತು. ಟೈರು ಚೆನ್ನಾಗಿತ್ತು, ಆಯಿಲ್ ಶುದ್ಧವಾಗಿತ್ತು, ದಿನಾ ದುಡಿದ ಗಾಡಿಗೆ ಇರುವ ಒಂದು ಅಚ್ಚುಕಟ್ಟು ಅದಕ್ಕಿತ್ತು. ಈಗ ಅದರ ಕಾರಣವೂ ಕಣ್ಣೆದುರೇ ಇತ್ತು. ನಾನು ಆ ಗಾಡಿಗೆ ಕೂಗಲಿಲ್ಲ, ಬೇರೆಯವರು ಕೊಂಡರು. ನಾನು ಕೂಗದಿದ್ದರಿಂದ ಅವರಿಗೇನೂ ಒಳ್ಳೆಯದಾಗಲಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಕೊಳ್ಳುವವರು ಹಿಂದೆ ಸರಿದರೆ ಗಾಡಿ ವಾಪಸ್ ಹೋಗುವುದಿಲ್ಲ, ಅಗ್ಗಕ್ಕೆ ಹೋಗುತ್ತದೆ ಅಷ್ಟೇ. ಇಂಥ ಹರಾಜುಗಳಲ್ಲಿ ಗಾಡಿ ಕೊಳ್ಳುವುದೇ ತಪ್ಪು ಅಂತ ನಾನು ಅನ್ನುವುದಿಲ್ಲ. ನಿಂತು ತುಕ್ಕು ಹಿಡಿಯುವುದಕ್ಕಿಂತ ಓಡುವುದು ಮೇಲು. ಸರಿಹೋಗಬೇಕಾದ್ದು ಕೊಳ್ಳುವವರಿಗಿಂತ ಹಿಂದೆ, ಬಾಕಿ ಏರುವ ಲೆಕ್ಕದಲ್ಲಿ.

ಆ ವ್ಯಾನು ನೆನಪಾದಾಗಲೆಲ್ಲ ನನಗೆ ಸಿಯಾಟಲ್ ನಗರದ ಸ್ಟೀವನ್ ಲಾಂಗ್ ಅವರ ಕೇಸು ನೆನಪಾಗುತ್ತದೆ. ಅವರಿಗೆ ಮನೆ ಇರಲಿಲ್ಲ, ತಮ್ಮ ಟ್ರಕ್ಕಿನಲ್ಲೇ ವಾಸವಾಗಿದ್ದರು. ಕೆಲಸದ ಹತ್ಯಾರುಗಳೂ ಅದರಲ್ಲೇ ಇದ್ದವು. 2016ರಲ್ಲಿ, ಒಂದೇ ಜಾಗದಲ್ಲಿ ಜಾಸ್ತಿ ದಿನ ನಿಲ್ಲಿಸಿದ್ದಾರೆ ಅಂತ ನಗರದವರು ಅದನ್ನು ಎಳೆದುಕೊಂಡು ಹೋದರು. ಹರಾಜು ಹಾಕದೆ ಬಿಟ್ಟುಕೊಡಲು ಒಟ್ಟು ಸುಮಾರು 550 ಡಾಲರನ್ನು ಕಂತುಗಳಲ್ಲಿ ಕಟ್ಟಲು ಅವರು ಒಪ್ಪಬೇಕಾಯಿತು. ಕೇಸು ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರಲ್ಲಿ ಕೋರ್ಟು, ಅವರು ವಾಸವಾಗಿದ್ದ ಆ ಟ್ರಕ್ಕಿಗೆ ಮನೆಗೆ ಸಿಗುವ ಕಾನೂನು ರಕ್ಷಣೆಯೇ ಸಿಗಬೇಕು ಅಂದಿತು. ಅವರಿಗೆ ಕಟ್ಟುವ ಶಕ್ತಿ ಇತ್ತೇ ಅಂತ ನೋಡಿ, ಆ ಮೊತ್ತ ಅತಿಯಾಯಿತು ಅಂತಲೂ ಹೇಳಿತು. ತಪ್ಪಿಗೆ ತಕ್ಕ ದಂಡವೇ ಅಂತ ಮಾತ್ರ ನೋಡಿದರೆ ಸಾಲದು, ಕಟ್ಟುವವರಿಗೆ ಅದು ಎಷ್ಟು ಭಾರ ಅಂತಲೂ ನೋಡಬೇಕು ಅನ್ನುವ ಮಾತು ನನಗೆ ಬಹಳ ಸರಿ ಅನ್ನಿಸುತ್ತದೆ.

ಎಲ್ಲ ಕೇಸೂ ಹೀಗೆ ಮುಗಿದಿಲ್ಲ. ಅದೇ ದೇಶದ ಮಿಶಿಗನ್ ರಾಜ್ಯದಲ್ಲಿ ಟೀನಾ ಬೆನಿಸ್ ಅನ್ನುವವರು ಗಂಡನ ಜೊತೆ ಸೇರಿ 600 ಡಾಲರಿಗೆ ಒಂದು ಹಳೆಯ ಪಾಂಟಿಯಾಕ್ ಕಾರು ಕೊಂಡಿದ್ದರು. ಗಂಡ ಅದರಲ್ಲಿ ವೇಶ್ಯೆಯ ಜೊತೆ ಸಿಕ್ಕಿಬಿದ್ದ. ಕಾರು ಜಪ್ತಿಯಾಯಿತು. ನನಗೆ ಇದೊಂದೂ ಗೊತ್ತಿರಲಿಲ್ಲ, ನನ್ನ ಪಾಲು ಕೊಡಿ ಅಂತ ಟೀನಾ ಕೇಳಿದರು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ಇಲ್ಲ ಅಂದಿತು. 2019ರಲ್ಲಿ ಅದೇ ಕೋರ್ಟು ಟೈಸನ್ ಟಿಂಬ್ಸ್ ಅವರ ಕೇಸಿನಲ್ಲಿ ಬೇರೆ ದಿಕ್ಕಿಗೆ ಹೋಯಿತು. ಅವರು ತೀರಿಹೋದ ತಂದೆಯ ವಿಮೆ ಹಣದಲ್ಲಿ 42,000 ಡಾಲರಿನ ಲ್ಯಾಂಡ್ ರೋವರ್ ಕೊಂಡಿದ್ದರು. ಮಾದಕ ವಸ್ತು ಮಾರಿದ ಅಪರಾಧಕ್ಕೆ ಅವರಿಗೆ ಹಾಕಬಹುದಾಗಿದ್ದ ಅತಿ ಹೆಚ್ಚಿನ ದಂಡ 10,000 ಡಾಲರ್. ಕಿತ್ತುಕೊಂಡ ಗಾಡಿ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಬೆಲೆಯದು. ಅತಿಯಾದ ದಂಡಕ್ಕೆ ಸಂವಿಧಾನದಲ್ಲಿರುವ ತಡೆ ರಾಜ್ಯಗಳಿಗೂ ಅನ್ವಯಿಸುತ್ತದೆ ಅಂತ ನ್ಯಾಯಮೂರ್ತಿಗಳೆಲ್ಲ ಒಟ್ಟಾಗಿ ಹೇಳಿದರು. ಗಾಡಿ ಮತ್ತೆ ಅವರ ಕೈ ಸೇರಿದ್ದು 2020ರಲ್ಲಿ.

ಕೋರ್ಟು ಮೆಟ್ಟಿಲು ಹತ್ತಿದವರ ಹೆಸರು ನಮಗೆ ಗೊತ್ತಾಯಿತು. ಏಣಿ ಇಳಿಸಿಕೊಂಡು ಹೋದವರಂಥವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಿಲ್ಲ. ಅವರಿಗೆ ಮಾರನೇ ದಿನದ ಕೆಲಸಕ್ಕೆ ಹೋಗುವುದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆ. ಗಾಡಿ ಇಲ್ಲದೆ ದುಡಿಮೆ ಇಲ್ಲ, ದುಡಿಮೆ ಇಲ್ಲದೆ ಗಾಡಿ ಬಿಡಿಸಲು ಹಣ ಇಲ್ಲ. ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ದಿನಬಾಡಿಗೆಗೆ ಒಂದು ಮಿತಿ ಇರಲಿ, ಅದು ಗಾಡಿಯ ಬೆಲೆಯನ್ನು ನುಂಗುವವರೆಗೆ ಓಡಬಾರದು. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಒಪ್ಪಿದವರಿಗೆ ಗಾಡಿಯನ್ನು ಮೊದಲೇ ಬಿಟ್ಟುಕೊಡಲಿ, ದುಡಿದು ಕಟ್ಟುತ್ತಾರೆ.

ಹರಾಜಾದ ಮೇಲೆ ಬರುವ ಹಣದ ವಿಷಯವೂ ಇದೆ. ಗಾಡಿ ಬಾಕಿಗಿಂತ ಜಾಸ್ತಿಗೆ ಹೋದರೆ ಮಿಕ್ಕಿದ್ದು ಹಳೆಯ ಯಜಮಾನರದ್ದು ಅಂತ ಹಲವು ಕಡೆ ನಿಯಮ ಇದೆ. ಆದರೆ ಸಾಮಾನ್ಯವಾಗಿ ಅವರೇ ಬಂದು, ಅರ್ಜಿ ಹಾಕಿ, ಇಷ್ಟು ದಿನದೊಳಗೆ ಅಂತ ಕೇಳಿಕೊಳ್ಳಬೇಕು. ಗಾಡಿ ಹೋಯಿತು ಅಂತ ಆಸೆ ಬಿಟ್ಟವರು ಹಾಗೆ ಕೇಳಲು ಯಾಕೆ ಬರುತ್ತಾರೆ? ಕೇಳಲಿ ಅಂತ ಕಾಯದೆ ಆ ಹಣವನ್ನು ಅವರ ಮನೆಗೇ ಕಳಿಸಬೇಕು. ವಿಳಾಸ ಗೊತ್ತಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಬಾಕಿ ಕಟ್ಟಿ, ಇಲ್ಲದಿದ್ದರೆ ಗಾಡಿ ಹರಾಜಿಗೆ ಹೋಗುತ್ತದೆ ಅಂತ ನೋಟಿಸ್ ಕಳಿಸಿದ್ದು ಅದೇ ವಿಳಾಸಕ್ಕೆ.